ತ್ಯಾಗದ ಮರ: ಕಡಿಯುವ ಮುನ್ನ, ಕೊಳ್ಳುವ ಮುನ್ನ ತಿಳಿದಿರಲಿ

ಪಾಂಡವಪುರ: ಮನೆ ಕಟ್ಟಿಸೋರನ್ನ ನೆಂಟರು ಮೊದಲು ಕೇಳೋದೇ ‘ಬಾಗಿಲುವಾಡ ಯಾವ ಮರದ್ದು?’ ಅಂತ. ತೊಣ್ಣೂರು ಸುತ್ತಮುತ್ತ ಬದುವಿನ ಮೇಲೆ ಬೆಳೆದು ನಿಂತಿರುವ ತೇಗಕ್ಕೆ ಇಲ್ಲಿಯವರ ಬಾಯಲ್ಲಿ ‘ತ್ಯಾಗದ ಮರ’ ಎಂದೇ ಹೆಸರು. ಆದರೆ ಮಾರುವ ರೈತ ಅಳತೆಯಲ್ಲಿ, ಕೊಳ್ಳುವ ಗಿರಾಕಿ ಗುಣಮಟ್ಟದಲ್ಲಿ ಮೋಸ ಹೋಗುವುದು ಸುಲಭ.

ಬಾಳಿಕೆಗೆ ಸಾಕ್ಷಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಬೇಸಿಗೆ ಅರಮನೆ ದರಿಯಾ ದೌಲತ್ ಬಹುಪಾಲು ತೇಗದ್ದೇ. ಎತ್ತರದ ಜಗಲಿ ಮೇಲಿರುವ ಆ ಮರದ ಕಂಬಗಳು 240 ವರ್ಷ ಕಳೆದರೂ ನಿಂತಿವೆ.

ಚೇಗು ನೋಡಿ ದುಡ್ಡು ಕೊಡಿ

ತೇಗದ ಬೆಲೆ ಇರುವುದು ಅದರ ಚೇಗಿನಲ್ಲಿ, ಅಂದರೆ ಒಳಗಿನ ಹೊಂಬಣ್ಣದ ಗಟ್ಟಿ ಭಾಗದಲ್ಲಿ. ಅದರಲ್ಲಿರುವ ಎಣ್ಣೆಯಂಥ ಅಂಶ ಗೆದ್ದಲು, ಶಿಲೀಂಧ್ರ ಎರಡನ್ನೂ ತಡೆಯುತ್ತದೆ. ಹೊರಗಿನ ಬಿಳಿ ಭಾಗಕ್ಕೆ ಆ ಶಕ್ತಿ ಇಲ್ಲ. ಅದಕ್ಕೆ ಗೆದ್ದಲು ಹಿಡಿಯುತ್ತದೆ. ನೀರುಂಡು ಬೇಗ ದಪ್ಪವಾದ ಎಳೆ ಮರದಲ್ಲಿ ಬಿಳಿ ಭಾಗವೇ ಹೆಚ್ಚು. ಹಾಗಾಗಿ ‘ತೇಗ’ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಬಣ್ಣ, ಪಾಲಿಶ್ ಬಳಿದ ವಾಡ ಕೊಳ್ಳಬೇಡಿ. ಪಾಲಿಶ್ ಮಾಡುವ ಮೊದಲೇ ನಾಲ್ಕೂ ಮಗ್ಗುಲು, ಎರಡೂ ತುದಿ ನೋಡಿ. ನೆಲಕ್ಕೆ ತಾಗುವ ಹೊಸ್ತಿಲಲ್ಲಂತೂ ಬಿಳಿ ಇರಲೇಬಾರದು.

ಅಳತೆ ಲೆಕ್ಕ ಹೀಗೆ

ಕೊಯ್ದ ಮರಕ್ಕೆ: ಉದ್ದ (ಅಡಿ) × ಅಗಲ (ಅಂಗುಲ) × ದಪ್ಪ (ಅಂಗುಲ) ÷ 144 = ಘನ ಅಡಿ. 7 ಅಡಿ ಎತ್ತರ, 3.5 ಅಡಿ ಅಗಲದ ಬಾಗಿಲುವಾಡಕ್ಕೆ ಹೊಸ್ತಿಲೂ ಸೇರಿ 21 ಅಡಿ ಉದ್ದದ ಮರ ಬೇಕು. 5×3 ಅಂಗುಲದ ಮರವಾದರೆ ಸುಮಾರು 2.19 ಘನ ಅಡಿ.

ದುಂಡು ಮರಕ್ಕೆ: ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸಬೇಕು. 36 ಅಂಗುಲ ಸುತ್ತಳತೆ, 10 ಅಡಿ ಉದ್ದದ ದಿಮ್ಮಿ 5.62 ಘನ ಅಡಿ. ಇದು ನಿಜವಾದ ಗಾತ್ರಕ್ಕಿಂತ ಐದನೇ ಒಂದು ಭಾಗದಷ್ಟು ಕಡಿಮೆ. ಅಂದರೆ ಕೊಯ್ತದಲ್ಲಿ ಹೋಗುವ ನಷ್ಟ ಈ ಲೆಕ್ಕದಲ್ಲೇ ಬಹುಮಟ್ಟಿಗೆ ಸೇರಿದೆ. ‘ಸಿಪ್ಪೆ, ವೇಸ್ಟು’ ಅಂತ ಮತ್ತೆ ಕಳೆಯಲು ಬಂದರೆ ರೈತ ಒಪ್ಪಬೇಕಿಲ್ಲ. ‘ನಿಂತ ಮರಕ್ಕೆ ಇಷ್ಟು’ ಅನ್ನುವ ಉಂಡೆ ವ್ಯಾಪಾರಕ್ಕೆ ಮುಂಚೆ ಟೇಪು ಹಿಡಿದು ಸುತ್ತಳತೆ ಬರೆದಿಟ್ಟುಕೊಳ್ಳಿ.

ಒಣಗಿಸುವುದೇ ಅರ್ಧ ಕೆಲಸ

ಹಸಿ ಮರದಲ್ಲಿ ಮಾಡಿದ ಬಾಗಿಲು ಬೇಸಿಗೆಗೆ ಸಂದು ಬಿಡುತ್ತದೆ. ತೇಗ ಕುಗ್ಗುವುದು ಕಡಿಮೆ, ಆದರೆ ಕುಗ್ಗದೇ ಇರುವುದಿಲ್ಲ. ಸಾಮಿಲ್‌ನಿಂದ ತಂದ ಹಲಗೆಗಳನ್ನು ನೆರಳಲ್ಲಿ, ನೆಲದಿಂದ ಮೇಲೆ, ನಡುನಡುವೆ ಒಂದೇ ದಪ್ಪದ ಪಟ್ಟಿ ಇಟ್ಟು ಗಾಳಿಯಾಡುವಂತೆ ಪೇರಿಸಬೇಕು. ಅಂಗುಲ ದಪ್ಪದ ಹಲಗೆಗೂ ಕೆಲವು ತಿಂಗಳು ಬೇಕು. ದಪ್ಪ ಹೆಚ್ಚಿದಷ್ಟೂ ಕಾಲ ಹೆಚ್ಚು. ಗೃಹಪ್ರವೇಶದ ದಿನ ಗೊತ್ತು ಮಾಡಿದ ಮೇಲೆ ಮರ ಹುಡುಕಿದರೆ ಹಸಿ ಮರವೇ ಗತಿ.

ತೇಗದಲ್ಲಿ ಮರಳಿನ ಅಂಶ (ಸಿಲಿಕಾ) ಇರುವುದರಿಂದ ಉಳಿ, ಹತ್ತರಿ ಬೇಗ ಮೊಂಡಾಗುತ್ತವೆ. ಎಣ್ಣೆ ಅಂಶ ಅಂಟು ಹಿಡಿಯಲು ಬಿಡುವುದಿಲ್ಲ. ಅದಕ್ಕೇ ಹತ್ತರಿ ಹೊಡೆದ ಕೂಡಲೇ, ಮೈ ಒರೆಸಿ ಅಂಟು ಹಾಕಬೇಕು. ಉಜ್ಜುವಾಗ ಏಳುವ ಧೂಳು ಮೂಗು, ಚರ್ಮಕ್ಕೆ ಕಿರಿಕಿರಿ, ಮಾಸ್ಕ್ ಇರಲಿ.

ಪಾಸ್ ಇಲ್ಲದೆ ಗಾಡಿಗೆ ಏರಿಸಬೇಡಿ

ಸ್ವಂತ ಜಮೀನಿನ ಮರವಾದರೂ ತೇಗ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ರಹದಾರಿ ಬೇಕು. ನೀಲಗಿರಿ, ಸಿಲ್ವರ್ ಓಕ್‌ಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಇರುವ ವಿನಾಯಿತಿ ತೇಗಕ್ಕಿಲ್ಲ. ಪಹಣಿಯಲ್ಲಿ ಮರಗಳ ವಿವರ ಸರಿಯಾಗಿದೆಯೇ ನೋಡಿಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ‘ಪಾಸು ನಾವು ನೋಡ್ಕೋತೀವಿ’ ಅನ್ನುವ ವ್ಯಾಪಾರಿಯಿಂದಲೂ ಪ್ರತಿ ಕೇಳಿ ಪಡೆಯಿರಿ. ಅಂಗಡಿಗೆ ಕೌಂಟರ್, ಬೀರು ಮಾಡಿಸುವವರು ಬಿಲ್ ಇಟ್ಟುಕೊಳ್ಳಿ. ಮರ ಎಲ್ಲಿಂದ ಬಂತು ಎಂಬ ಪ್ರಶ್ನೆ ಬಂದರೆ ಕೈಗೆ ಬರುವುದು ಆ ಚೀಟಿಯೇ.