ಮನೆ ಕಸದ ಉಷ್ಣ ಮೌಲ್ಯ: ತೂಕ, ತೇವಾಂಶ ಮತ್ತು ವಿದ್ಯುತ್ತಿನ ಲೆಕ್ಕ

ಕಸದಿಂದ ವಿದ್ಯುತ್ ತೆಗೆಯಲು ಭಾರತ ಮಾಡಿದ ಮೊದಮೊದಲ ದೊಡ್ಡ ಪ್ರಯತ್ನವನ್ನು ಮುಳುಗಿಸಿದ್ದು ಒಂದು ತಪ್ಪು ಅಂದಾಜು. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನದಿಂದ ಕಟ್ಟಿದ ಸ್ಥಾವರ ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವಾಟ್ ಕೊಡಬೇಕಿತ್ತು. ಕಿಲೋ ಕಸಕ್ಕೆ 1,462 ಕಿಲೋಕ್ಯಾಲೊರಿ ಎಂದು ವಿನ್ಯಾಸ ಹಾಕಿದ್ದರು. ಬಂದ ಕಸದಲ್ಲಿ ಸಿಕ್ಕಿದ್ದು 600ರಿಂದ 700. ಕೆಲವೇ ವಾರಗಳಲ್ಲಿ ಕುಲುಮೆ ಆರಿತು.

ಉಷ್ಣ ಮೌಲ್ಯವನ್ನು ಅಳೆಯುವ ಉಪಕರಣ ಬಾಂಬ್ ಕ್ಯಾಲೊರಿಮೀಟರ್. ಒಣಗಿಸಿ ಪುಡಿ ಮಾಡಿದ ಸುಮಾರು ಒಂದು ಗ್ರಾಂ ಮಾದರಿಯನ್ನು ಉಕ್ಕಿನ ಪಾತ್ರೆಯಲ್ಲಿಟ್ಟು, ಒತ್ತಡದಲ್ಲಿ ಆಮ್ಲಜನಕ ತುಂಬಿ, ತಂತಿಯಿಂದ ಕಿಡಿ ಕೊಟ್ಟು, ಸುತ್ತಲಿನ ನೀರು ಎಷ್ಟು ಬಿಸಿಯಾಯಿತೆಂದು ನೋಡುತ್ತಾರೆ. ಯಂತ್ರ ಕರಾರುವಾಕ್ಕು. ತೊಡಕಿರುವುದು ಆ ಒಂದು ಗ್ರಾಮಿನಲ್ಲಿ: ಬಾಳೆಸಿಪ್ಪೆ, ಚಿಪ್ಸ್ ಪೊಟ್ಟಣ, ಡೈಪರ್, ಗುಡಿಸಿದ ಮಣ್ಣು ಎಲ್ಲವೂ ಬೆರೆತ ಲಾರಿಯೊಂದಕ್ಕೆ ಅದು ಪ್ರತಿನಿಧಿಯಾಗಬೇಕು. ರಾಶಿಯನ್ನು ಕಲೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಉಳಿಸಿಕೊಂಡು ಮತ್ತೆ ಕಲೆಸುವ ಕ್ರಮ ಇರುವುದೇ ಇದಕ್ಕಾಗಿ. ಇಂಗಾಲ, ಜಲಜನಕ, ಆಮ್ಲಜನಕ, ಗಂಧಕಗಳ ಪ್ರಮಾಣದಿಂದ ಲೆಕ್ಕ ಹಾಕುವ ಡ್ಯೂಲಾಂಗ್ ಸೂತ್ರವೂ ಬಳಕೆಯಲ್ಲಿದೆ. ಅದು ಕಲ್ಲಿದ್ದಲಿಗೆ ಹೊಂದುವ ಸೂತ್ರ. ಆಮ್ಲಜನಕ ಹೆಚ್ಚಿರುವ ಕಾಗದ, ಸೊಪ್ಪು, ಅನ್ನಕ್ಕೆ ಅನ್ವಯಿಸುವಾಗ ಎಚ್ಚರ ಬೇಕು.

ಪ್ರಯೋಗಾಲಯ ಕೊಡುವುದು ಒಟ್ಟು ಉಷ್ಣ. ಬಾಯ್ಲರಿಗೆ ದಕ್ಕುವುದು ನಿವ್ವಳ ಉಷ್ಣ, ಅಂದರೆ ಕಸದ ತೇವವನ್ನೂ ಜಲಜನಕ ಉರಿದು ಉಂಟಾಗುವ ನೀರನ್ನೂ ಆವಿ ಮಾಡಲು ವ್ಯಯವಾಗುವ ಪಾಲನ್ನು (ಕಿಲೋ ನೀರಿಗೆ ಸುಮಾರು 2.44 ಮೆಗಾಜೂಲ್) ಕಳೆದು ಉಳಿದದ್ದು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಿಲೋ ಕಸದಲ್ಲಿ ಅರ್ಧ ನೀರು, 200 ಗ್ರಾಂ ಬೂದಿ-ಮಣ್ಣು, 300 ಗ್ರಾಂ ಸುಡುವ ಪದಾರ್ಥ ಇದೆ ಎನ್ನಿ. ಸುಡುವ ಭಾಗದ ಒಟ್ಟು ಉಷ್ಣ ಕಿಲೋಗೆ 20 ಮೆಗಾಜೂಲ್, ಅದರಲ್ಲಿ ಜಲಜನಕ ಶೇ. 7 ಎಂದಿಟ್ಟುಕೊಂಡರೆ, ಒಟ್ಟು 6 ಮೆಗಾಜೂಲ್‌ನಲ್ಲಿ ನಿವ್ವಳ ಉಳಿಯುವುದು 4.3, ಅಂದರೆ ಸುಮಾರು 1,030 ಕಿಲೋಕ್ಯಾಲೊರಿ. ಅದೇ ಕಸದ ನೀರು ಬಸಿದು ತೇವಾಂಶ ಶೇ. 30ಕ್ಕೆ ಇಳಿದರೆ ಮೌಲ್ಯ ಕಿಲೋಗೆ 1,680ರ ಆಸುಪಾಸಿಗೆ ಜಿಗಿಯುತ್ತದೆ.

ಇಲ್ಲೇ ಅನೇಕ ಯೋಜನಾ ವರದಿಗಳು ಎಡವುವುದು. ಕಿಲೋವಾರು ಮೌಲ್ಯ ಶೇ. 60ಕ್ಕೂ ಮಿಕ್ಕಿ ಏರಿತು, ನಿಜ. ಆದರೆ ಮೂಲ ಕಿಲೋ ಈಗ 714 ಗ್ರಾಂ ಆಗಿದೆ. ಅದರಿಂದ ದೊರೆಯುವ ಉಷ್ಣ 4.3ರಿಂದ 5 ಮೆಗಾಜೂಲ್‌ಗೆ ಮಾತ್ರ ಏರಿದೆ. ಮನೆ ಬಾಗಿಲಲ್ಲಿ ತೂಗಿದ ಹಸಿ ತೂಕವನ್ನು ಕುಲುಮೆಯ ಬಾಯಲ್ಲಿ ಅಳೆದ ಒಣ ಮೌಲ್ಯದಿಂದ ಗುಣಿಸಿದರೆ ಇಲ್ಲದ ವಿದ್ಯುತ್ ಕಾಗದದ ಮೇಲೆ ಹುಟ್ಟುತ್ತದೆ.

ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಮತ್ತು ಬೆಂಗಳೂರು ಪಾಲಿಕೆ ಜಂಟಿಯಾಗಿ ರೂಪಿಸಿದ ಸ್ಥಾವರದ ಗುರಿ ದಿನಕ್ಕೆ 600 ಟನ್ನಿಗೆ 11.5 ಮೆಗಾವಾಟ್. ದಕ್ಷತೆ ಶೇ. 25 ಎಂದು ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ ಕಿಲೋಗೆ 1,580 ಕಿಲೋಕ್ಯಾಲೊರಿ ಬೇಕು, ಶೇ. 20 ಆದರೆ ಸುಮಾರು 1,980. ಬೇರ್ಪಡಿಸದ ಕಸದಲ್ಲಿ ಇದು ಕಷ್ಟ, ಮಳೆಗಾಲದಲ್ಲಂತೂ ಹೇಳುವುದೇ ಬೇಡ. 2016ರ ಘನತ್ಯಾಜ್ಯ ನಿಯಮಗಳು ಭೂಭರ್ತಿಗೆ ಹಾಕದೆ ಶಕ್ತಿಗಾಗಿ ಬಳಸಬೇಕೆಂದದ್ದು ಮರುಬಳಕೆಗೆ ಬಾರದ, 1,500 ಕಿಲೋಕ್ಯಾಲೊರಿಗೆ ಕಡಿಮೆಯಿಲ್ಲದ ಕಸವನ್ನು. ಹಸಿ ಕಸ ಗೊಬ್ಬರಕ್ಕೂ ಜೈವಿಕ ಅನಿಲಕ್ಕೂ ಹೋಗಿ, ರಟ್ಟು-ಬಾಟಲಿಗಳನ್ನು ಆಯುವವರು ಎತ್ತಿಕೊಂಡ ಮೇಲೆ ಉಳಿಯುವ ಪದರ ಪ್ಲಾಸ್ಟಿಕ್, ಚಿಂದಿ ಬಟ್ಟೆಗಳಲ್ಲಿ ಉಷ್ಣಕ್ಕೆ ಕೊರತೆಯಿಲ್ಲ. ತೂಕ ಮಾತ್ರ ಬಹಳ ಇಳಿದಿರುತ್ತದೆ. ಅದರಲ್ಲಿ ಪಿವಿಸಿ ಸೇರಿದ್ದರೆ ಕ್ಲೋರಿನ್ ಬಾಯ್ಲರ್ ಕೊಳವೆಗಳನ್ನು ತಿನ್ನುತ್ತದೆ, ಡಯಾಕ್ಸಿನ್‌ಗೂ ದಾರಿಯಾಗುತ್ತದೆ. ಉಷ್ಣದ ಅಂಕಿ ಇದನ್ನು ಹೇಳುವುದಿಲ್ಲ.

ಆದ್ದರಿಂದ ಯಾವುದೇ ನಗರದ ಕಸ-ವಿದ್ಯುತ್ ವರದಿಯನ್ನು ಒಪ್ಪುವ ಮುನ್ನ ಪರಿಶೀಲಕರು ಮೂರು ವಿವರಗಳನ್ನು ಕೇಳಲಿ: ಮಾದರಿ ತೆಗೆದ ಜಾಗ, ಆ ಹೊತ್ತಿನ ತೇವಾಂಶ, ಮಳೆಗಾಲದ ಕನಿಷ್ಠ ನಿವ್ವಳ ಮೌಲ್ಯ. ಇವಿಲ್ಲದ ವರದಿಯ ಮೇಲೆ ಟರ್ಬೈನ್ ಕೊಳ್ಳಬಾರದು.