ಮರಳಿನ ಶಿಲುಬೆ, ರಾಯಚೂರಿನ ಗೋಡೆ

ನಮೀಬಿಯಾದ ಕೇಪ್ ಕ್ರಾಸ್‌ನಲ್ಲಿ ಮರುಭೂಮಿ ನೇರ ಅಟ್ಲಾಂಟಿಕ್‌ಗೆ ಇಳಿಯುತ್ತದೆ. ಜೊತೆಗಿದ್ದವರು ಸರ್ಫಿಂಗ್ ಹಲಗೆ ಹಿಡಿದು ಅಲೆಗಳತ್ತ ಓಡಿದರು. ಈಜು ಬಾರದ ಕಡೇಚೂರಿನ ನಾನು ಕಲ್ಲಿನ ಶಿಲುಬೆಯೆದುರು ನಿಂತೆ. ಅದು ಪ್ರತಿಕೃತಿ. ಮೂಲವನ್ನು 1486ರಲ್ಲಿ ನೆಟ್ಟವನು ಪೋರ್ಚುಗೀಸ್ ನಾವಿಕ ದಿಯೋಗೊ ಕಾವ್; 1893ರಲ್ಲಿ ಜರ್ಮನರು ಅದನ್ನು ಕಿತ್ತೊಯ್ದರು. 2019ರಲ್ಲಿ ಬರ್ಲಿನ್‌ನ ವಸ್ತುಸಂಗ್ರಹಾಲಯ ಹಿಂದಿರುಗಿಸಲು ಒಪ್ಪಿತು.

ಕಾವ್ ಭಾರತ ತಲುಪಲಿಲ್ಲ. ಅವನ ನಂತರದವರು 1498ರಲ್ಲಿ ಕಲ್ಲಿಕೋಟೆಗೆ ಬಂದರು, 1510ರಲ್ಲಿ ಗೋವೆ ಹಿಡಿದರು. 1520ರಲ್ಲಿ ಕೃಷ್ಣದೇವರಾಯ ಆದಿಲ್‌ಶಾಹಿಗಳ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ, ಪೋರ್ಚುಗೀಸ್ ಬಂದೂಕುಗಾರರು ಗೋಡೆ ಮೇಲಿನ ಕಾವಲುಗಾರರನ್ನು ಹೊಡೆದುರುಳಿಸಿದರೆಂದು ನೂನಿಜ್ ಬರೆದಿದ್ದಾನೆ.

ನಮ್ಮೂರಿಂದ ಕೃಷ್ಣೆ ದಾಟಿದರೆ ಆ ಕೋಟೆ. ಶಾಲೆಯಲ್ಲಿ ಅದನ್ನು ಇಬ್ಬರು ಅರಸರ ಜಗಳವೆಂದಷ್ಟೇ ಓದಿದ್ದೆ. ಆ ಬಂದೂಕುಗಳ ದಾರಿ ಈ ಮರಳಿನ ಮೇಲೂ ಹಾದಿತ್ತು.