ಲೇವಾದೇವಿಯ ಮಾತುಗಳು: ಐಬೀರಿಯದಿಂದ ಕನ್ನಡನಾಡಿಗೆ

ಸಾಲ ಕೊಡುವವನ ಭಾಷೆಯನ್ನು ಕಲಿಯುವ ಹೊರೆ ಬಹುಮಟ್ಟಿಗೆ ಸಾಲ ಪಡೆಯುವವನ ಮೇಲೆಯೇ ಬಿದ್ದಿದೆ. ನಮ್ಮ ಲೇವಾದೇವಿಯ ಪದಸಂಪತ್ತೇ ಇದಕ್ಕೆ ಸಾಕ್ಷಿ. ‘ಕಡ’ ಎಂಬುದು ದೇಶ್ಯ, ‘ಬಡ್ಡಿ’ ಸಂಸ್ಕೃತದ ‘ವೃದ್ಧಿ’ಯ ತದ್ಭವ, ಜಮಾ, ಬಾಕಿ, ವಸೂಲಿ, ಕರಾರು, ಜಾಮೀನು ಇವೆಲ್ಲ ಅರಬ್ಬೀ ಮೂಲದವಾಗಿದ್ದು ಪಾರಸೀ ದಫ್ತರಗಳನ್ನು ಹಾದು ನಮ್ಮಲ್ಲಿಗೆ ಬಂದಿವೆ. ಇವುಗಳ ನಡುವೆ ಐಬೀರಿಯ ಪರ್ಯಾಯದ್ವೀಪದಿಂದ ಬಂದ ಎರಡು ಮಾತುಗಳುಂಟು: ಪಗಾರ ಮತ್ತು ಲಿಲಾವು. ಇವುಗಳ ಕಡೆಗೆ ವಿದ್ಯಾರ್ಥಿಗಳ ಗಮನವನ್ನು ಸೆಳೆಯುವುದು ಈ ಕಿರುಲೇಖನದ ಉದ್ದೇಶ.

1568-69ರಲ್ಲಿ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ನೆಲೆಯೂರಿದರು. ಅಕ್ಕಿ ಮತ್ತು ಮೆಣಸಿನ ವ್ಯಾಪಾರವೇ ಅವರ ಆಸೆಯ ಕೇಂದ್ರ. 1580ರಿಂದ 1640ರವರೆಗೆ ಪೋರ್ಚುಗಲ್ಲಿನ ಸಿಂಹಾಸನವು ಸ್ಪೇನಿನ ಅರಸರ ಕೈಯಲ್ಲಿದ್ದುದರಿಂದ, 1623ರಲ್ಲಿ ಗೋವೆಯಿಂದ ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ಬಂದ ನಿಯೋಗವು ವಸ್ತುತಃ ಸ್ಪೇನಿನ ದೊರೆಯ ಪ್ರಜೆಗಳದ್ದೇ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆ ನಿಯೋಗದ ಜೊತೆಗಿದ್ದನು. ಇಂಥ ವ್ಯವಹಾರಗಳಲ್ಲಿ ದುಭಾಷಿಯೇ ಸೇತುವೆ. ಪೋರ್ಚುಗೀಸರು ಅವನನ್ನು ‘ಲಿಂಗ್ವ’, ಎಂದರೆ ನಾಲಗೆ, ಎಂದೇ ಕರೆದರು. ಎರಡು ಕಡೆಯವರ ಬೆಲೆಯೂ ಬಾಕಿಯೂ ಆ ಒಂದು ನಾಲಗೆಯನ್ನು ನಂಬಿದ್ದವು.

ಆದರೂ ಈ ಪದಗಳು ನೇರವಾಗಿ ಕರಾವಳಿಯಿಂದ ಒಳನಾಡಿಗೆ ಏರಿ ಬಂದುವೆಂದು ಹೇಳುವುದು ಕಷ್ಟ. ಧಾರವಾಡ, ಬೆಳಗಾವಿಗಳಲ್ಲಿ ಪಗಾರವೂ ಲಿಲಾವೂ ಬಳಕೆಯಲ್ಲಿವೆ. ಹಳೆಯ ಮೈಸೂರಿನಲ್ಲಿ ಅವುಗಳ ಸ್ಥಾನದಲ್ಲಿ ಸಂಬಳ, ಹರಾಜುಗಳಿವೆ. ಈ ಹರಹನ್ನು ನೋಡಿದರೆ ಅವು ಮರಾಠಿಯ ಮೂಲಕ ಬಂದಿರಬೇಕೆಂದೇ ತೋರುತ್ತದೆ. ‘ಪಗಾರ್’ ಎಂದರೆ ಮೂಲದಲ್ಲಿ ಸಂಬಳವಲ್ಲ, ‘ಹಣ ಕೊಡು’ ಎಂಬ ಕ್ರಿಯೆ. ಸ್ಪ್ಯಾನಿಷಿನಲ್ಲಿಯೂ ಅದರ ರೂಪ ಅದೇ. ಇಂದು ಬಿ.ಟಿ.ಎಂ. ಬಡಾವಣೆಯಲ್ಲಿ ಕಚೇರಿಯ ಕೆಲಸಕ್ಕಾಗಿ ಸ್ಪ್ಯಾನಿಷ್ ಕಲಿಯುವ ಹುಬ್ಬಳ್ಳಿಯ ತರುಣನಿಗೆ ‘ಪಗಾರ್ ಅ ಪ್ಲಾಸೋಸ್’, ಎಂದರೆ ಕಂತುಗಳಲ್ಲಿ ಪಾವತಿ, ಎಂಬ ಪಾಠ ಬಂದಾಗ ಅರ್ಧ ಮಾತು ಅವನ ಮನೆಯದೇ ಆಗಿರುತ್ತದೆ. ಅದೇ ಪಾಠದಲ್ಲಿ ಸಾಲಗಾರನ ಪೂರ್ವವೃತ್ತಾಂತಕ್ಕೆ ‘ಇಸ್ತೋರಿಯಾಲ್ ದೆ ಕ್ರೇದಿತೊ’ ಎನ್ನುತ್ತಾರೆ. ಚರಿತ್ರೆಯ ಅಧ್ಯಾಪಕರಿಗೆ ಇಷ್ಟು ಬೇಡಿಕೆಯಿರುವ ಇತಿಹಾಸ ಬೇರೊಂದಿಲ್ಲ! ‘ಕ್ರೇದಿತೊ’ ಲ್ಯಾಟಿನ್ನಿನ ‘ನಂಬು’ ಎಂಬ ಧಾತುವಿನಿಂದ ಹುಟ್ಟಿದ್ದು; ನಮ್ಮ ‘ಶ್ರದ್ಧೆ’ ಅದರ ದಾಯಾದಿ.

ಕನ್ನಡದಲ್ಲಿ ಈ ನಂಬಿಕೆಗೆ ‘ಪತ್ತು’ ಎಂಬ ಮಾತಿದೆ. ಮರಾಠಿಯ ‘ಪತ’ದೊಡನೆ ಅದನ್ನು ಹೋಲಿಸಬಹುದು. 1904ರ ಕಾಯಿದೆಯಂತೆ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತು. ಆ ಕಾಯಿದೆಯ ಗ್ರಾಮೀಣ ಸಂಘಗಳಲ್ಲಿ ಸಾಮಾನ್ಯವಾಗಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನು ತೀರಿಸದಿದ್ದರೆ ಉಳಿದವರು ತೆರಬೇಕು. ಆದುದರಿಂದ ಯಾರ ಪತ್ತು ಎಷ್ಟೆಂಬುದನ್ನು ಊರೇ ಅಳೆಯುತ್ತಿತ್ತು, ಊರಿನ ಮಾತಿನಲ್ಲಿಯೇ ಅಳೆಯುತ್ತಿತ್ತು. 2000ದಲ್ಲಿ ಸ್ಥಾಪಿತವಾದ ಸಿಬಿಲ್ ಸಂಸ್ಥೆಯೂ 2005ರ ಸಾಲಮಾಹಿತಿ ಕಂಪನಿಗಳ ಕಾಯಿದೆಯೂ ಬಂದಮೇಲೆ ಆ ಅಳತೆ 300ರಿಂದ 900ರವರೆಗಿನ ಒಂದು ಅಂಕೆಯಾಯಿತು. ಜಯನಗರ, ಬನಶಂಕರಿಗಳಲ್ಲಿ ಈಗ ‘ನಿಮ್ಮ ಸಿಬಿಲ್ ಎಷ್ಟು?’ ಎಂದೇ ಕೇಳುತ್ತಾರೆ. ಸಂಸ್ಥೆಯ ಹೆಸರು ಪದಾರ್ಥದ ಹೆಸರಾಗಿದೆ. ಪಗಾರದಂತೆ ಇದೂ ತನ್ನ ಮೂಲವನ್ನು ಬೇಗನೆ ಮರೆಸುವ ಲಕ್ಷಣಗಳಿವೆ.

ಹೊರೆಯನ್ನು ಸಾಲ ಕೊಡುವವನ ಕಡೆಗೆ ತಿರುಗಿಸುವ ಪ್ರಯತ್ನವೂ ನಡೆದಿದೆ. 2024ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯಂತೆ, ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ವೈಯಕ್ತಿಕ ಹಾಗೂ ಸಣ್ಣ ಉದ್ಯಮಗಳ ಅವಧಿಸಾಲಗಳಿಗೆ ಮುಖ್ಯಾಂಶಗಳ ಪತ್ರವೊಂದನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು, ವಿವರಿಸಬೇಕು, ತನಗೆ ಅರ್ಥವಾಯಿತೆಂಬ ಒಪ್ಪಿಗೆಯನ್ನೂ ಅವನಿಂದ ಪಡೆಯಬೇಕು. ಆ ಒಪ್ಪಿಗೆಯ ಸಾಲನ್ನೂ ಕನ್ನಡದಲ್ಲಿ ಬರೆದಿದ್ದಾರೆಯೇ ಎಂಬುದನ್ನು ರುಜು ಹಾಕುವ ಮೊದಲು ನೋಡಿಕೊಳ್ಳುವುದು ಒಳಿತು.